ನಾಲ್ಕು ಸೆಕೆಂಡು

ಕುಸ್ತಿ ಶುರುವಾಗುವುದು ರಾತ್ರಿ ಎರಡು ಗಂಟೆಗೆ. ಅವನು ಹತ್ತೂವರೆಗೇ ಬಂದು ಟೀವಿಯ ಮುಂದೆ ಕೂತಿದ್ದ. ಟೀವಿ ಮಾತ್ರ ಹಾಕಿರಲಿಲ್ಲ. ಫೋನು ತೊಡೆಯ ಮೇಲಿತ್ತು. ಅಂಗಾತ ಇಟ್ಟರೆ ಕಣ್ಣು ಮತ್ತೆ ಮತ್ತೆ ಅದರ ಮೇಲೇ ಹೋಗುತ್ತದೆಂದು ಬೋರಲು ಹಾಕಿದ. ಬೋರಲು ಹಾಕಿದರೆ ಬೆಳಕು ಬಂದದ್ದು ತಿಳಿಯುವುದಿಲ್ಲವೆಂದು ತಿರುಗಿಸಿದ. ಹೋದ ವರ್ಷ ಇದೇ ರಾತ್ರಿ, ಎರಡಕ್ಕೆ ಐದು ನಿಮಿಷ ಇದ್ದಾಗ ಅದು ಹೊಡೆದುಕೊಂಡಿತ್ತು. ಅದರ ಹಿಂದಿನ ವರ್ಷವೂ, ಅದಕ್ಕೂ ಹಿಂದಿನ ವರ್ಷವೂ. ಮೂರು ಸಲವೂ ಪರದೆಯ ಮೇಲೆ ಮೂಡಿದ ಹೆಸರು ಒಂದೇ: ಕಡ್ಡಿ ಪೈಲ್ವಾನ. ಮೂರು ಸಲವೂ ಅವನು ಎತ್ತಲಿಲ್ಲ. ಕಟ್ ಕೂಡ ಮಾಡಲಿಲ್ಲ. ತಾನಾಗಿ ಸುಮ್ಮನಾಗುವ ತನಕ ಅಂಗೈಯಲ್ಲಿ ಒದ್ದಾಡಲು ಬಿಟ್ಟು ಕೂತಿದ್ದ. ವರ್ಷಕ್ಕೆ ಒಂದೇ ಒಂದು ಕರೆ. ಅದು ಬರುತ್ತದಲ್ಲ ಎಂಬ ದಿಗಿಲಿಗೆ ತಿಂಗಳು ಮೊದಲೇ ಅವನ ನಿದ್ದೆ ಕೆಡುತ್ತಿತ್ತು.

ಹನ್ನೊಂದರ ಸುಮಾರಿಗೆ ಹೆಂಡತಿ ಎದ್ದು ಬಂದಳು. ಅಡುಗೆಮನೆಯ ದೀಪ ಹಾಕದೆ ಕತ್ತಲಲ್ಲೇ ನೀರು ಬಗ್ಗಿಸಿಕೊಂಡಳು.

“ಟೀವಿ ಆರಿಸ್ಕೊಂಡು ಏನ್ ನೋಡ್ತಿದೀರಿ?”

“ಇನ್ನೂ ಶುರುವಾಗಿಲ್ಲ.”

“ಇವತ್ತೇನಾ ಅದು? ಆ ಮುದುಕನ ಕುಸ್ತಿ?”

“ಹೂಂ. ಕಮ್ಮಾರ. ಇದೇ ಕೊನೇದಂತೆ ಅವನದು.”

“ಸುಳ್ಳು ಕಂಡ್ರೆ ಮೈ ಉರಿಯುತ್ತೆ ಅನ್ನೋರು ನೀವು. ಈ ಸುಳ್ಳು ಹೊಡೆದಾಟನ ಮಾತ್ರ ನಿದ್ದೆಗೆಟ್ಟು ನೋಡ್ತೀರಿ.”

ಅವಳು ಲೋಟ ತೊಳೆದು ಬೋರಲಿಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಅರ್ಧ ನಿಮಿಷ ಹರಿದು ನಿಂತಿತು. ಅವಳಿಗೆ ತಲೆನೋವು ಬಂದಿದೆ ಎಂದು ಅವನಿಗೆ ಗೊತ್ತಾದದ್ದು ಆ ನಲ್ಲಿಯಿಂದ. ಮಾತ್ರೆಯ ಹಾಳೆ ಹರಿಯುವ ಚರಚರ ಸದ್ದು ಹೊರಗೆ ಕೇಳಬಾರದೆಂದು ಅವಳು ನಲ್ಲಿ ಬಿಟ್ಟುಕೊಳ್ಳುತ್ತಿದ್ದಳು. ಯಾವಾಗಿನಿಂದ ಹೀಗೆ ಎಂದು ಅವನು ಲೆಕ್ಕ ಹಾಕಿ ನೋಡಲು ಹೋಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ತಲೆನೋವು ಅಂದರೆ “ಎಲ್ಲಿ? ಯಾವ ಕಡೆ? ಬೆಳಿಗ್ಗೆ ಇರಲಿಲ್ಲವಲ್ಲ? ಫೋನಿನಲ್ಲಿ ನಗ್ತಾ ಇದ್ದೆಯಲ್ಲ ಆಗ?” ಎಂದು ಕೇಳುತ್ತಿದ್ದ. ಕೇಳುವಾಗ ದನಿಯಲ್ಲಿ ಕಕ್ಕುಲತೆಯೇ ಇತ್ತು ಎಂದು ಅವನ ನಂಬಿಕೆ. ಮಗಳಿಗೆ ಹೋದ ತಿಂಗಳು ಜ್ವರ ಬಂದಾಗ, ಒಂಬತ್ತು ವರ್ಷದ ಹುಡುಗಿ, ಮೈ ಬಿಸಿ ಅಂತ ಬಾಯಲ್ಲಿ ಹೇಳದೆ ಥರ್ಮಾಮೀಟರನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಅವನ ಕಣ್ಣ ಮುಂದೆ ಚಾಚಿ, “ನೋಡು ಅಪ್ಪಾ, ನೂರಾಎರಡು, ಬೇಕಾದ್ರೆ ಇನ್ನೊಂದ್ಸಲ ಇಡ್ತೀನಿ” ಅಂದಿದ್ದಳು. ಅವನು ನಕ್ಕುಬಿಟ್ಟಿದ್ದ. ಹೆಂಡತಿ ನಗಲಿಲ್ಲ.

ಗೋದಾಮಿನಲ್ಲಿ ಅವನನ್ನು ಬೆನ್ನ ಹಿಂದೆ ಕರೆಯುತ್ತಿದ್ದುದೂ ಥರ್ಮಾಮೀಟರ್ ಅಂತಲೇ. ಕಾಯಿಲೆ ಎಂದು ರಜೆ ಹಾಕಿದವರ ಮನೆಗೆ ಹೋಗಿ, ಕಾಯಿಲೆ ನಿಜವೋ ಅಲ್ಲವೋ ನೋಡಿ ಬಂದು ವರದಿ ಬರೆಯುವುದು ಸಿಬ್ಬಂದಿ ವಿಭಾಗದಲ್ಲಿ ಅವನ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಬಾಗಿಲು ತಟ್ಟಿದ ಮೇಲೆ ತೆರೆಯಲು ಎಷ್ಟು ಹೊತ್ತು ಹಿಡಿಯಿತು, ಹಾಸಿಗೆ ಬೆಚ್ಚಗಿದೆಯೋ ಈಗ ತಾನೇ ಹಾಸಿದ್ದೋ, ಬಾಗಿಲ ಬಳಿಯ ಚಪ್ಪಲಿಗೆ ಹಸಿ ಮಣ್ಣು ಮೆತ್ತಿದೆಯೋ, ಇವೆಲ್ಲ ಅವನ ಕಣ್ಣಿಗೆ ತಾವಾಗಿ ಬೀಳುತ್ತಿದ್ದವು. “ನಿಮ್ದು ಎಕ್ಸ್‌ರೇ ಕಣ್ಣು ಕಣ್ರೀ” ಎನ್ನುತ್ತಿದ್ದರು ಮ್ಯಾನೇಜರು. ಇವತ್ತು ಮಧ್ಯಾಹ್ನವೂ ಒಂದು ಮನೆಗೆ ಹೋಗಿದ್ದ. ಮೂತ್ರದ ಕಲ್ಲು ಎಂದು ರಜೆಯಲ್ಲಿದ್ದ ಡ್ರೈವರು. ಆತ ಗೋಡೆಗೆ ಒರಗಿ ಕೂತು, ಬಂದವನು ನೋಡುತ್ತಿದ್ದಾನೆಂದು ತಿಳಿದು, ಬಾರದ ನೋವನ್ನೂ ಬಂದ ನೋವನ್ನೂ ಒಟ್ಟಿಗೆ ಮುಖಕ್ಕೆ ತಂದುಕೊಳ್ಳುತ್ತಿದ್ದ. ನಿಜವಾಗಿ ನೋಯುವವರೂ ಅವನ ಎದುರು ನಟಿಸುತ್ತಿದ್ದರು; ಸುಮ್ಮನೆ ನೋಯುತ್ತಾ ಕೂತರೆ ಅವನು ನಂಬುವುದಿಲ್ಲ ಎಂಬ ಭಯಕ್ಕೆ. ಈ ಸೂಕ್ಷ್ಮ ಅವನಿಗೆ ಹೊಳೆದದ್ದು ಇತ್ತೀಚೆಗೆ. ಹೊಳೆದ ಮೇಲೂ ಡ್ರೈವರನ ವರದಿಯಲ್ಲಿ ‘ಸಂಶಯಾಸ್ಪದ’ ಎಂದೇ ಬರೆದು ಬಂದಿದ್ದ. ಬೇರೆ ಪದ ಕೈಗೆ ಹತ್ತಲಿಲ್ಲ.

ಕಡ್ಡಿ ಪೈಲ್ವಾನನ ಮನೆಗೆ ಮೊದಲ ಸಲ ಹೋದದ್ದೂ ನಾಲ್ಕು ವರ್ಷದ ಹಿಂದೆ ಇಂಥದೇ ಒಂದು ಮಧ್ಯಾಹ್ನ. ಸಿಮೆಂಟು ವಿಭಾಗದ ಹಮಾಲಿ, ಮೂಳೆಗೆ ಚರ್ಮ ಸುತ್ತಿದ ಹಾಗಿದ್ದ ಆಳು. ಎರಡೆರಡು ಚೀಲ ಒಟ್ಟಿಗೆ ಹೊರುತ್ತಿದ್ದನಾದ್ದರಿಂದ ಜೊತೆಯವರು ಆ ಹೆಸರಿಟ್ಟಿದ್ದರು. ಸೊಂಟ ಹಿಡಿದಿದೆ, ಭಾರ ಎತ್ತಲು ಆಗುವುದಿಲ್ಲ, ಕೂತು ಮಾಡುವ ಕೆಲಸ ಕೊಡಿ ಎಂದು ಅರ್ಜಿ ಹಾಕಿದ್ದ. ಒಂದೇ ಕೋಣೆಯ ಮನೆ. ಮಂಚದ ಮೇಲೆ ಮಂಡಿಯ ಕೆಳಗೆ ದಿಂಬು ಕೊಟ್ಟುಕೊಂಡು ಮಲಗಿ ಟೀವಿ ನೋಡುತ್ತಿದ್ದ. ಟೀವಿಯಲ್ಲಿ ಕುಸ್ತಿ. ಮಣ್ಣಿನ ಕುಸ್ತಿಯಲ್ಲ, ಹಗ್ಗ ಕಟ್ಟಿದ ಚೌಕದೊಳಗೆ, ಬಣ್ಣದ ದೀಪಗಳ ಕೆಳಗೆ, ಮೊದಲೇ ಮಾತಾಡಿಕೊಂಡು ಹೊಡೆದಾಡುವ ಕುಸ್ತಿ. ಅವನು ಚಪ್ಪಲಿಯನ್ನೂ ಹಾಸಿಗೆಯನ್ನೂ ನೋಡುವ ಬದಲು ಟೀವಿ ನೋಡುತ್ತಾ ನಿಂತುಬಿಟ್ಟ. ಹದಿನಾಲ್ಕು ವರ್ಷದವನಾಗಿದ್ದಾಗ ಪಕ್ಕದ ಮನೆಯ ಕಿಟಕಿಗೆ ಜೋತುಬಿದ್ದು ನೋಡಿದ ಅದೇ ದೊಡ್ಡ ಮೈಯ ಬಿಳಿಗಡ್ಡದವನು, ಆಗ ಕರಿಗಡ್ಡ, ಮೊಣಕೈಯಿಂದ ಎದುರಾಳಿಯ ಎದೆಗೆ ಬಡಿಯುತ್ತಿದ್ದ. “ಇವನಿನ್ನೂ ಇದಾನಾ?” ಎಂದು ಬಾಯಿತಪ್ಪಿ ಬಂತು.

ಮಂಚದ ಮೇಲಿದ್ದವನ ಮುಖ ಅರಳಿತು. “ಸಾರ್, ನಿಮಗೂ ಗೊತ್ತಾ ಕಮ್ಮಾರ?”

“ಕಮ್ಮಾರ ಅಂತನಾ ಹೆಸರು?”

“ಅವನ ನಿಜವಾದ ಹೆಸರು ನನ್ನ ಬಾಯಿಗೆ ತಿರುಗಲ್ಲ ಸಾರ್. ಹೊಡೆಯೋ ಹೊಡೆತ ನೋಡಿ ನಾನೇ ಇಟ್ಟಿದ್ದು. ಲೇ, ಸಾರ್‌ಗೆ ಕುರ್ಚಿ ಕೊಡೇ.”

ಪೈಲ್ವಾನನ ಹೆಂಡತಿ ಇಸ್ತ್ರಿ ಮಾಡುತ್ತಿದ್ದ ಬಟ್ಟೆಗಳನ್ನು ಎತ್ತಿ ಕುರ್ಚಿ ಖಾಲಿ ಮಾಡಿ, “ಕೂತ್ಕೊಳ್ಳಿ ಅಣ್ಣ” ಅಂದಳು. ಅಲ್ಲಿಯ ತನಕ ಹೋದ ಯಾವ ಮನೆಯಲ್ಲೂ ಯಾರೂ ಅವನನ್ನು ಅಣ್ಣ ಅಂದಿರಲಿಲ್ಲ. ಮುಕ್ಕಾಲು ಗಂಟೆ ಕೂತ. ಹಳೆಯ ಕುಸ್ತಿಗಳನ್ನೆಲ್ಲ ಇಬ್ಬರೂ ನೆನೆಸಿಕೊಂಡರು. ಹೊರಡುವಾಗ ಪೈಲ್ವಾನ, “ಬರೋ ವಾರ ದೊಡ್ಡ ಕುಸ್ತಿ ಇದೆ ಸಾರ್, ಲೈವು. ರಾತ್ರಿ ಎರಡಕ್ಕೆ. ಬನ್ನಿ, ಒಬ್ಬನೇ ನೋಡಿ ನೋಡಿ ಸಾಕಾಗಿದೆ. ಇವಳು ಮಧ್ಯದಲ್ಲೇ ಗೊರಕೆ ಹೊಡೀತಾಳೆ” ಅಂದ. ಮಾರನೆಯ ದಿನ ಮ್ಯಾನೇಜರಿಗೆ ಈ ವಿಷಯ ಹೇಳಿದವನು ಅವನೇ. ಯಾಕೆ ಹೇಳಿದ? ತಮಾಷೆಗೆ ಹೇಳಿದ್ದ, ಹಾಗೆಂದುಕೊಂಡಿದ್ದ. ಮ್ಯಾನೇಜರು ಕನ್ನಡಕ ತೆಗೆದು ಒರೆಸುತ್ತಾ, “ಹೋಗ್ರೀ ಹೋಗಿ, ರಾತ್ರಿಯೆಲ್ಲ ನೋಡ್ಬಹುದು. ಎಷ್ಟು ಹೊತ್ತು ಅಂತ ಸೊಂಟ ಹಿಡ್ಕೊಂಡಿರ್ತಾನೆ?” ಎಂದರು.

ಆ ರಾತ್ರಿ ಅಂಗಿಯ ಜೇಬಿನಲ್ಲಿ ಫೋನನ್ನು ನೆಟ್ಟಗೆ, ಕ್ಯಾಮೆರಾದ ಕಣ್ಣು ಹೊರಗೆ ಮಾಡಿ ಇಟ್ಟುಕೊಂಡಿದ್ದ. ಗುಂಡಿ ಒತ್ತಿದ್ದು ಯಾವಾಗ ಎಂಬುದೇ ಅವನಿಗೆ ಈಗ ಬಗೆಹರಿಯುತ್ತಿರಲಿಲ್ಲ. ಬಾಗಿಲು ತಟ್ಟುವ ಮೊದಲು ಒತ್ತಿದ್ದರೆ ಅವನು ಹೋದದ್ದು ನೌಕರಿಗೆ, ಅಷ್ಟಾದರೂ ನೇರ. ಒಳಗೆ ಕೂತು, ಅವರು ಕೊಟ್ಟ ಚಹಾ ಕುಡಿದು, ಹುರಿದ ಕಡಲೆಕಾಯಿ ತಿಂದು, ಕಮ್ಮಾರನಿಗೆ ಏಟು ಬಿದ್ದಾಗ ಪೈಲ್ವಾನನ ಜೊತೆ ತಾನೂ ಹಾ ಎಂದು ಕೂಗಿ, ಆಮೇಲೆ ಒತ್ತಿದ್ದರೆ? ಕೆಲವು ರಾತ್ರಿ ಮೊದಲನೆಯದು ನಿಜವೆನಿಸುತ್ತಿತ್ತು, ಕೆಲವು ರಾತ್ರಿ ಎರಡನೆಯದು. ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆ ಎಂದೂ ತೀರ್ಮಾನವಾಗುತ್ತಿರಲಿಲ್ಲ. ಕುಸ್ತಿಯ ಕೊನೆಗೆ ಕಮ್ಮಾರ ಅಂಗಾತ ಬಿದ್ದಿದ್ದ. ರೆಫ್ರಿ ನೆಲ ಬಡಿದು ಎಣಿಸುತ್ತಿದ್ದ, ಒಂದು, ಎರಡು, ಮೂರಕ್ಕೆ ಕೈ ಎತ್ತಿದ್ದ, ಆಗ ಕಮ್ಮಾರನ ಭುಜ ಮೇಲೆದ್ದಿತು. ಎದ್ದವನೇ ಎದುರಾಳಿಯನ್ನು ತಲೆಯ ಮೇಲೆತ್ತಿ ಕೆಡವಿದ. ಪೈಲ್ವಾನ ಮಂಚದ ಮೇಲೆ ಎದ್ದು ನಿಂತಿದ್ದ. ಎರಡೂ ಕೈ ಮೇಲೆ, ಬೆರಳುಗಳು ಫ್ಯಾನಿನ ರೆಕ್ಕೆಗೆ ಒಂದು ಗೇಣು ದೂರದಲ್ಲಿ, ಬಾಯಿ ಪೂರ್ತಿ ತೆರೆದು, ಮನೆಯೇ ಹಾರಿಹೋಗುವ ಹಾಗೆ ಕೂಗಿ ಒಂದು ಸಲ ನೆಗೆದ. ಅಂಥ ಸಂತೋಷವನ್ನು ಒಬ್ಬ ಮನುಷ್ಯನ ಮುಖದಲ್ಲಿ ಅವನು ಅದಕ್ಕೆ ಮೊದಲು ನೋಡಿರಲಿಲ್ಲ.

ನಾಲ್ಕು ಸೆಕೆಂಡು. ಐದನೆಯ ಸೆಕೆಂಡಿಗೆ ಪೈಲ್ವಾನ ಒಂದು ಕಡೆಗೆ ವಾಲಿ, ಮಂಚದ ಅಂಚಿಗೆ ತಾಗಿ ನೆಲಕ್ಕೆ ಬಿದ್ದ. ಮುಖ ಬಿಳಿಚಿಕೊಂಡಿತ್ತು. ಮೊದಲು ಸದ್ದೇ ಬರಲಿಲ್ಲ, ಆಮೇಲೆ ಬಂದದ್ದು ಮನುಷ್ಯನ ಗಂಟಲಿನಿಂದ ಬರುವಂಥದ್ದಾಗಿರಲಿಲ್ಲ. ಹೆಂಡತಿ ತಲೆ ಹಿಡಿದಳು, ಅವನು ಕಂಕುಳಿಗೆ ಕೈ ಹಾಕಿದ. ಎತ್ತಲು ಹೋದರೆ ಇನ್ನೂ ಜೋರಾಯಿತು. ನಲವತ್ತು ನಿಮಿಷ ಹಾಗೇ ನೆಲದ ಮೇಲೆ. ಜೇಬಿನಲ್ಲಿ ಫೋನು ಅದನ್ನೂ ತೆಗೆಯುತ್ತಲೇ ಇತ್ತು. ಮರುದಿನ ಆಫೀಸಿನಲ್ಲಿ ಮ್ಯಾನೇಜರು “ಎಲ್ಲಾ ಯಾಕ್ರೀ, ಬೇಕಾದಷ್ಟು ಇಟ್ಕೊಳ್ಳಿ” ಎಂದಾಗ, ನಾಲ್ಕು ಸೆಕೆಂಡು ಇಟ್ಟುಕೊಂಡು ನಲವತ್ತು ನಿಮಿಷವನ್ನು ಅಳಿಸಿಹಾಕಿದವನು ಅವನು. ಹೆಬ್ಬೆರಳಿನಿಂದ. ‘ಖಚಿತವಾಗಿ ಅಳಿಸಬೇಕೆ?’ ಎಂದು ಫೋನೇ ಒಮ್ಮೆ ಕೇಳಿತ್ತು.

ವಿಚಾರಣೆಯ ಕೋಣೆಯಲ್ಲಿ ಆ ತುಣುಕನ್ನು ದೊಡ್ಡ ಪರದೆಯಲ್ಲಿ ಹಾಕಿ ತೋರಿಸಿದರು. ಯಾರು ತೆಗೆದದ್ದೆಂದು ಹೇಳಲಿಲ್ಲ. ಅವನು ಹಿಂದಿನ ಸಾಲಿನಲ್ಲಿ ಕೂತಿದ್ದ. ತನ್ನನ್ನೇ ಪರದೆಯ ಮೇಲೆ ನೋಡಿ ಪೈಲ್ವಾನ ಒಂದು ಕ್ಷಣ ನಕ್ಕಿದ್ದ. ಆ ನಗುವನ್ನು ‘ಪಶ್ಚಾತ್ತಾಪವಿಲ್ಲ’ ಎಂದು ಬರೆದುಕೊಂಡರು. ಪೈಲ್ವಾನನನ್ನು ಮತ್ತೆ ಸಿಮೆಂಟು ಚೀಲ ಹೊರಲು ಹಾಕಿದರು. ಇಪ್ಪತ್ತನೆಯ ದಿನ ಲಾರಿಯ ಹಿಂಬದಿಯಲ್ಲಿ ಚೀಲದ ಜೊತೆಗೇ ಕುಸಿದ. ಎಡಗಾಲು ಆಮೇಲೆ ಎತ್ತಲು ಬರಲಿಲ್ಲ. ಗೈರುಹಾಜರಿ ಎಂದು ಹೆಸರು ತೆಗೆದರು. ಅವನು ನೋಡಲು ಹೋಗಲಿಲ್ಲ. ಕುಸ್ತಿಯ ರಾತ್ರಿ ಆ ಮನೆಯಲ್ಲಿ ಇದ್ದದ್ದು ಮೂವರೇ. ತುಣುಕು ಯಾರ ಜೇಬಿನಿಂದ ಬಂತೆಂದು ಎಂಥ ದಡ್ಡನಿಗೂ ಗೊತ್ತಾಗಬೇಕು. ಆದರೆ ಗೊತ್ತಾಗಿದ್ದರೆ ವರ್ಷ ವರ್ಷ ಕುಸ್ತಿಗೆ ಯಾಕೆ ಕರೆಯುತ್ತಿದ್ದ? ಪಾಪ, ತಿಳಿದಿಲ್ಲ ಎಂದು ಅವನು ತನ್ನನ್ನು ಸಮಾಧಾನಪಡಿಸಿಕೊಂಡಿದ್ದ. ಆ ಸಮಾಧಾನ ಫೋನು ಹೊಡೆದುಕೊಳ್ಳುವ ತನಕ ಚೆನ್ನಾಗಿಯೇ ಇರುತ್ತಿತ್ತು.

ಎರಡಾಯಿತು. ಫೋನು ಬರಲಿಲ್ಲ.

ಟೀವಿ ಹಾಕಿ ಸದ್ದು ಪೂರ್ತಿ ಇಳಿಸಿದ. ಪಟಾಕಿ ಹಾರಿದವು, ಜನ ಬಾಯಿ ತೆರೆದು ನಿಶ್ಶಬ್ದವಾಗಿ ಕೂಗಿದರು. ಚಿಕ್ಕಪುಟ್ಟ ಕುಸ್ತಿಗಳು ಮೊದಲು, ಕಮ್ಮಾರನದು ಕೊನೆಗೆ. ಎರಡು ಹತ್ತು. ಎರಡೂಕಾಲು. ಫೋನಿನಲ್ಲಿ ಸಿಗ್ನಲ್ ಇದೆಯೇ ಎಂದು ನೋಡಿದ. ಇತ್ತು. ಅಡುಗೆಮನೆಯ ಗಡಿಯಾರ ಮುಂದಿರಬಹುದು ಎಂದುಕೊಂಡ. ಎರಡೂವರೆಗೆ ಒಂದು ಯೋಚನೆ ಬಂತು: ಸತ್ತಿರಬಹುದು. ಅದರ ಹಿಂದೆಯೇ, ಅದರ ಬಾಲ ಹಿಡಿದುಕೊಂಡ ಹಾಗೆ, ಹೊಟ್ಟೆಯಲ್ಲಿ ಏನೋ ಸಡಿಲವಾಯಿತು, ತಣ್ಣಗಾಯಿತು. ಅದು ನೆಮ್ಮದಿ. ಅವನು ಅದನ್ನು ಗುರುತು ಹಿಡಿದ. ಇನ್ನೊಬ್ಬರ ಮುಖದಲ್ಲಿ ಅಡಗಿಸಿಟ್ಟದ್ದನ್ನು ಪತ್ತೆ ಮಾಡುವ ಕಣ್ಣು ತನ್ನ ಹೊಟ್ಟೆಯೊಳಕ್ಕೂ ತಿರುಗಿ ಅದನ್ನು ಎಳೆದು ಬೆಳಕಿಗೆ ಹಿಡಿಯಿತು. ಪರದೆಯಲ್ಲಿ ಯಾರೋ ಯಾರನ್ನೋ ಎತ್ತಿ ಎಸೆಯುತ್ತಿದ್ದರು.

ಮೂರೂಕಾಲಿಗೆ ಅಂಗಿ ಹಾಕಿಕೊಂಡ. ಬಾಗಿಲ ಚಿಲಕ ತೆಗೆಯುವಾಗ ಮಲಗುವ ಕೋಣೆಯಿಂದ ಹೆಂಡತಿಯ ದನಿ ಬಂತು, ನಿದ್ದೆಯ ಎಳೆಯೂ ಇಲ್ಲದ ದನಿ. “ಎಲ್ಲಿಗೆ?”

“ಇಲ್ಲೇ. ಒಬ್ಬರನ್ನ ನೋಡ್ಕೊಂಡು ಬರ್ತೀನಿ. ಹುಷಾರಿಲ್ಲ ಅವರಿಗೆ.”

“ಹುಷಾರಿಲ್ಲ ಅಂತ ಯಾರು ಹೇಳಿದ್ದು?” ಎಂದು ಕೇಳಿದಳು. ಅಣಕವೋ ಅಲ್ಲವೋ, ಬಾಗಿಲು ಎಳೆದುಕೊಂಡು ಹೋದವನಿಗೆ ತಿಳಿಯಲಿಲ್ಲ.

ನಡೆದರೆ ಅರ್ಧ ಗಂಟೆಯ ದಾರಿ. ಮುಚ್ಚಿದ ಅಂಗಡಿಗಳ ಮುಂದೆ ನಾಯಿಗಳು ತಲೆ ಎತ್ತಿ ನೋಡಿ, ಬೊಗಳುವಷ್ಟು ಮುಖ್ಯನಲ್ಲವೆಂದು ಮತ್ತೆ ಮಲಗಿದವು. ಎರಡನೆಯ ಮಹಡಿಯ ಒಂದು ಕಿಟಕಿಯಲ್ಲಿ ಟೀವಿಯ ನೀಲಿ ಬೆಳಕು ಹಾರುತ್ತಿತ್ತು, ಯಾರೋ “ಹೊಡಿ! ಹೊಡಿ!” ಎಂದು ಕೂಗಿ ತಾವೇ ಬಾಯಿ ಮುಚ್ಚಿಕೊಂಡರು. ಊರಿನಲ್ಲಿ ತನ್ನಂತೆ ಎಚ್ಚರವಿರುವವರು ಇನ್ನೂ ಇದ್ದಾರೆ ಎನಿಸಿ ಅವನಿಗೆ ಅಳು ಬರುವಂತಾಯಿತು. ಸತ್ತಿದ್ದರೆ ಮನೆಗೆ ಬೀಗ ಇರುತ್ತದೆ, ಹಾಗೇ ಹಿಂದಿರುಗುವುದು. ಬದುಕಿದ್ದರೆ? ಬದುಕಿದ್ದರೆ ಕಿಟಕಿಯಿಂದ ನೋಡಿಕೊಂಡು ಹಿಂದಿರುಗುವುದು. ಎರಡು ಸಲ ದಾರಿಯ ಮಧ್ಯೆ ನಿಂತ. ಎರಡು ಸಲವೂ ಕಾಲೇ ಮುಂದೆ ಹೋಯಿತು.

ಕಿಟಕಿ ತೆರೆದಿತ್ತು. ಒಳಗೆ ದೀಪ, ಟೀವಿಯ ಗದ್ದಲ. ಕೋಣೆಯ ತುಂಬ ಬೇರೆಯವರ ಬಟ್ಟೆಗಳ ರಾಶಿ. ಪೈಲ್ವಾನನ ಹೆಂಡತಿ ಮೇಜಿನ ಮುಂದೆ ನಿಂತು ಒಂದು ಬಿಳಿ ಅಂಗಿಯ ಕೊರಳುಪಟ್ಟಿಯ ಮೇಲೆ ಇಸ್ತ್ರಿ ಒತ್ತುತ್ತಿದ್ದವಳು ತಲೆ ಎತ್ತಿದಳು. ಬೆಚ್ಚಲಿಲ್ಲ. ಬಂದು ಬಾಗಿಲು ತೆಗೆದಳು.

“ಬನ್ನಿ ಅಣ್ಣ. ಇನ್ನೂ ಮುಗಿದಿಲ್ಲ.”

ಮಂಚದ ಮೇಲೆ ಪೈಲ್ವಾನ ಮೊದಲಿಗಿಂತ ದಪ್ಪವಾಗಿದ್ದ. ಒಂದೇ ಕಡೆ ಮಲಗಿ ಮಲಗಿ ಬಂದ ಊದಿದ ದಪ್ಪ. ಎಡಗಾಲಿನ ಮೇಲೆ ಹೊದಿಕೆ. ಕಣ್ಣು ಮಾತ್ರ ಟೀವಿಯಲ್ಲಿ. “ಸಾರ್! ಕೂತ್ಕೊಳ್ಳಿ ಕೂತ್ಕೊಳ್ಳಿ. ಈಗ ತಾನೇ ಬಂದ ನಮ್ಮೋನು. ಮೊಣಕಾಲು ಕೈ ಕೊಟ್ಟಿದೆ ನೋಡಿ, ಹೇಗೆ ಎಳೀತಾನೆ.”

ಅವನು ಕೂತ. ಯಾವ ಮಾತು ಮೊದಲು ಆಡಬೇಕೆಂದು ಗೊತ್ತಾಗದೆ, “ಈ ಸಲ ಫೋನ್ ಮಾಡ್ಲಿಲ್ಲ” ಅಂದ. ಅಂದ ಮೇಲೆ ಅದು ದೂರಿದ ಹಾಗೆ ಕೇಳಿಸಿ ನಾಚಿಕೆಯಾಯಿತು.

“ನಾನೇ ಬೇಡ ಅಂದೆ” ಎಂದಳು ಹೆಂಡತಿ, ಇಸ್ತ್ರಿ ನಿಲ್ಲಿಸದೆ. “ಮೂರು ವರ್ಷ ಎತ್ತಲಿಲ್ಲ ನೀವು. ಎತ್ತದೇ ಇರೋರಿಗೆ ಎಷ್ಟು ಸಲ ಅಂತ ಮಾಡೋದು?”

“ಸುಮ್ನಿರೇ, ಕುಸ್ತಿ ನೋಡೋಣ” ಅಂದ ಪೈಲ್ವಾನ.

ನೋಡಿದರು. ಕಮ್ಮಾರನ ಎದುರಿಗಿದ್ದವನು ಇಪ್ಪತ್ತೈದರ ಹುಡುಗ, ಚಿಮ್ಮುವ ಮೈ. ಮುದುಕ ನಾಲ್ಕು ಹೊಡೆತ ಹೊಡೆದು ಹಗ್ಗ ಹಿಡಿದುಕೊಂಡು ಏದುತ್ತಿದ್ದ. ಅವನಿಗೆ ಪರದೆಯ ಮೇಲೆ ಗಮನ ನಿಲ್ಲಲಿಲ್ಲ. ಪೈಲ್ವಾನನ ಎರಡೂ ಕೈ ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಕಮ್ಮಾರ ಹೊಡೆದಾಗ ಮೈ ಏಳಲು ಹವಣಿಸುತ್ತಿತ್ತು. ಕೈಗಳು ಅದನ್ನು ಅದುಮಿ ಹಿಡಿಯುತ್ತಿದ್ದವು. ಹುಡುಗ ಕಂಬದ ಮೇಲಿಂದ ಹಾರಿದ. ಕಮ್ಮಾರ ಬಿದ್ದ ರೀತಿ ಬೇರೆಯಾಗಿತ್ತು. ಆಟಕ್ಕೆ ಬೀಳುವವರು ಗದ್ದವನ್ನು ಎದೆಗೆ ಒತ್ತಿಕೊಂಡು ಅಂಗೈಯಿಂದ ನೆಲ ಬಡಿಯುತ್ತಾರೆ. ಇವನು ಮೂಟೆಯ ಹಾಗೆ ಬಿದ್ದು ಹಾಗೇ ಉಳಿದ. ರೆಫ್ರಿ ಮೂರು ಎಣಿಸಿದ. ಹುಡುಗ ಗೆದ್ದ. ಮುದುಕ ಏಳಲಿಲ್ಲ. ರೆಫ್ರಿ ಬಗ್ಗಿ ಅವನ ಕೈ ಹಿಡಿದು ಏನೋ ಕೇಳುತ್ತಿದ್ದ.

“ಸಾರ್, ನೀವು ಹೇಳಿ” ಅಂದ ಪೈಲ್ವಾನ. ಮೊದಲ ಸಲ ಟೀವಿಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದ್ದ. “ನಿಮಗೆ ಗೊತ್ತಾಗುತ್ತಲ್ಲ. ಅವನಿಗೆ ನಿಜವಾಗ್ಲೂ ಏಟಾಗಿದೆಯಾ, ಆಟನಾ?”

ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅದನ್ನು ಹಿಡಿದುಕೊಂಡಾದರೂ ಎದ್ದು ಹೋಗಬಹುದಿತ್ತು. ಇಸ್ತ್ರಿಯ ಸದ್ದು ನಿಂತಿತ್ತು. ಅವನು ಪರದೆಯನ್ನು ನೋಡಿದ. ಬೆವರಿದ ಬಿಳಿಗಡ್ಡ, ಅರೆತೆರೆದ ಕಣ್ಣು, ಒಂದು ಕಾಲು ಒಳಕ್ಕೆ ಮಡಚಿಕೊಂಡದ್ದು. ಹನ್ನೊಂದು ವರ್ಷ ಏನನ್ನು ನೋಡುತ್ತೇನೆಂದು ನೋಡಿದ್ದನೋ ಅದೆಲ್ಲವನ್ನೂ ನೋಡಿದ. ಒಂದು ಸಲ ನಿಜವೆನಿಸಿತು. ರೆಪ್ಪೆ ಅಲುಗಿದಾಗ ಆಟವೆನಿಸಿತು. ಮತ್ತೆ ನಿಜವೆನಿಸಿತು.

“ನನಗೆ ಗೊತ್ತಾಗ್ತಿಲ್ಲ” ಅಂದ.

ಪೈಲ್ವಾನ ತಲೆಯನ್ನು ದಿಂಬಿಗೆ ಬಿಟ್ಟ. “ಅಷ್ಟೇ ಸಾರ್. ಅವತ್ತೂ ಅಷ್ಟು ಹೇಳಿದ್ರೆ ಸಾಕಿತ್ತು.”

ಕೋಣೆಯಲ್ಲಿ ಕಾದ ಬಟ್ಟೆಯ ವಾಸನೆ. ತಪ್ಪಾಯಿತು ಎಂಬ ಮಾತು ಅವನ ನಾಲಗೆಯ ಮೇಲೇ ಇತ್ತು. ಎಷ್ಟೋ ರಾತ್ರಿ ಆಡಿ ಆಡಿ ಸವೆದ ಆ ಮಾತು ಈಗ ಮುಖಕ್ಕೆ ತಂದುಕೊಂಡ ನೋವಿನ ಹಾಗೆ ಕೇಳಿಸೀತೆಂದು ನುಂಗಿಕೊಂಡ.

“ಗೊತ್ತಿದ್ದೂ ಯಾಕೆ ಕರೀತಿದ್ರಿ?” ಎಂದು ಕೇಳಿದ.

“ಕುಸ್ತಿ ನೋಡೋಕೆ ಸಾರ್” ಎಂದ ಪೈಲ್ವಾನ, ಇದೇನು ಪ್ರಶ್ನೆ ಎಂಬಂತೆ. ಆಮೇಲೆ ಗೋಡೆಯ ಕಡೆ ನೋಡುತ್ತಾ, “ನೀವು ಎತ್ತಿದ್ರೆ ಕೇಳೋಣ ಅಂತನೂ ಇತ್ತು. ಎತ್ತಲಿಲ್ಲವಲ್ಲ, ಕುಸ್ತಿ ನೋಡ್ದೆ” ಅಂದ.

“ಹತ್ತನೇ ತಾರೀಕು ಕಾರ್ಮಿಕರ ಕೋರ್ಟಲ್ಲಿ, ಇವರನ್ನ ಕೆಲಸದಿಂದ ತೆಗೆದ ಕೇಸಿನ ಕೊನೇ ವಿಚಾರಣೆ” ಎಂದಳು ಹೆಂಡತಿ. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸೆರಗಿನಿಂದ ಕೈ ಒರೆಸಿಕೊಂಡಳು. “ಇವರು ಹಾರಿದ್ದು ಎಲ್ಲರೂ ನೋಡಿದಾರೆ. ಬಿದ್ದಿದ್ದು ನೋಡಿದೋರು ನಾನು, ನೀವು. ನಾನು ಹೆಂಡತಿ, ನನ್ನ ಮಾತು ನಡೆಯಲ್ಲ. ನೀವು ಬರ್ದು ಕೊಡ್ತೀರಾ?”

ಮ್ಯಾನೇಜರ ಮುಖ ಕಣ್ಣ ಮುಂದೆ ಬಂತು, ಕನ್ನಡಕ ಒರೆಸುತ್ತಾ. ಆಮೇಲೆ ಮಗಳ ಶಾಲೆ, ತನ್ನ ಮೇಜು, ಮೇಜಿನ ಮೇಲೆ ಡ್ರೈವರನ ವರದಿ. “ಕೊಡ್ತೀನಿ” ಅಂದ. ತನ್ನ ದನಿ ತನಗೇ ದೂರದಲ್ಲಿ ಕೇಳಿಸಿತು. “ಕಾಗದ ಕೊಡಿ.”

ಅವಳು ಕಾಗದ ಕೊಡಲಿಲ್ಲ. “ಈಗಲ್ಲ. ಅವತ್ತು ನೀವು ಅರ್ಧಕ್ಕೇ ಎದ್ದು ಹೋದ್ರಿ. ನಲವತ್ತು ನಿಮಿಷ ಇದ್ರಿ ಅಷ್ಟೇ. ಇವರು ನೆಲದ ಮೇಲಿಂದ ಎದ್ದಿದ್ದು ಬೆಳಿಗ್ಗೆ ಹತ್ತಕ್ಕೆ. ಈಗ ದಿನಾ ಹಾಗೇ. ಆರು ಗಂಟೆಗೆ ಎಬ್ಬಿಸ್ಬೇಕು. ಬರೆಯೋದಾದ್ರೆ ಅದನ್ನೂ ಕೂತು ನೋಡಿ ಬರೀರಿ.”

“ಬೇಡ ಬಿಡೇ” ಎಂದ ಪೈಲ್ವಾನ. ಆ ರಾತ್ರಿ ಅವನ ದನಿ ಸಣ್ಣದಾದದ್ದು ಅದೊಂದೇ ಸಲ.

“ನೋಡ್ಲಿ” ಅಂದಳು.

ಟೀವಿ ಆರಿಸಿದಳು. ಆರರೊಳಗೆ ಏಳು ಅಂಗಿ, ನಾಲ್ಕು ಪ್ಯಾಂಟು ಮುಗಿಸಿದಳು. ಕಿಟಕಿ ಬೂದಿಬಣ್ಣಕ್ಕೆ ತಿರುಗಿತು. ಆಮೇಲೆ ಅವಳು ಹೊದಿಕೆ ತೆಗೆದಳು. ಎಡಗಾಲು ಮಗುವಿನ ಕಾಲಿನಷ್ಟು ಸಣಕಲಾಗಿತ್ತು. ಮೊದಲು ಮಂಡಿ ಮಡಚಬೇಕು, ಆಮೇಲೆ ಮಗ್ಗುಲು ತಿರುಗಿಸಬೇಕು, ಆಮೇಲೆ ಅವಳ ಕೊರಳಿಗೆ ಅವನ ಎರಡೂ ಕೈ. ಪ್ರತಿಯೊಂದಕ್ಕೂ ನಡುವೆ ಇಬ್ಬರೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಪೈಲ್ವಾನ ಕೂಗಬಾರದೆಂದು ಅವಳ ಭುಜದ ಬಟ್ಟೆಯನ್ನು ಕಚ್ಚಿಕೊಂಡಿದ್ದ. ಅಲ್ಲಿ ಬಟ್ಟೆ ಹಲ್ಲಿನ ಗುರುತಿಗೆ ಸವೆದು ಜಾಳಾಗಿತ್ತು. ಅವನು ಎದ್ದು ಕೈ ಕೊಡಲು ಹೋದ. “ನೀವು ಕೂತ್ಕೊಳ್ಳಿ” ಎಂದಳು ತಿರುಗಿ ನೋಡದೆ. ಕೂತ. ಕಣ್ಣು ತಗ್ಗಿ ನೆಲಕ್ಕೆ ಹೋಗುತ್ತಿತ್ತು, ಎತ್ತಿದ. ಮತ್ತೆ ಹೋಯಿತು, ಮತ್ತೆ ಎತ್ತಿದ. ಮಂಚದಿಂದ ಬಚ್ಚಲಿನ ಬಾಗಿಲಿಗೆ ಆರು ಹೆಜ್ಜೆ. ಅಲ್ಲಿಗೆ ಮುಟ್ಟುವಾಗ ಗಂಟೆ ಆರೂಮುಕ್ಕಾಲು.

ಆಮೇಲೆ ಅವಳು ಗೆರೆ ಹಾಕಿದ ಹಾಳೆಯನ್ನೂ ಪೆನ್ನನ್ನೂ ಇಸ್ತ್ರಿಯ ಮೇಜಿನ ಮೇಲಿಟ್ಟಳು. ಮೇಜು ಇನ್ನೂ ಬೆಚ್ಚಗಿತ್ತು. ‘ಸದರಿ ನೌಕರನು’ ಎಂದು ಶುರುಮಾಡಿ ಹೊಡೆದುಹಾಕಿದ. ಇಷ್ಟು ವರ್ಷದ ವರದಿಗಳಲ್ಲಿ ಒಂದರಲ್ಲೂ ‘ನಾನು’ ಎಂಬ ಪದ ಬರೆದಿರಲಿಲ್ಲ. ನಾನು ಎಂದು ಬರೆದ. ಮುಂದಿನದು ಹೇಗೋ ಬಂತು: ಜೇಬು, ಫೋನು, ನಾಲ್ಕು ಸೆಕೆಂಡು, ನಾನು ಅಳಿಸಿದ ನಲವತ್ತು ನಿಮಿಷ, ಆರು ಹೆಜ್ಜೆ, ಮುಕ್ಕಾಲು ಗಂಟೆ. ಅವಳು ನಿಂತಲ್ಲೇ ಬೆರಳಿಟ್ಟು ಓದಿದಳು, ತುಟಿ ಅಲುಗಿಸುತ್ತಾ. ಬಚ್ಚಲಿನೊಳಗಿಂದ ಪೈಲ್ವಾನ ಚೊಂಬು ಬಡಿದು ಅವಳನ್ನು ಕರೆಯುತ್ತಿದ್ದ.

“ನೀವೇ ಬಂದು ನಿಂತು ಹೇಳ್ಬೇಕಾಗುತ್ತೆ” ಎಂದಳು.

“ಬರ್ತೀನಿ.”

ಅವಳು ಅವನ ಮುಖವನ್ನು ನೋಡಿದಳು, ಬಾಗಿಲು ತೆರೆದವರ ಮುಖವನ್ನು ಅವನು ನೋಡುತ್ತಿದ್ದ ಹಾಗೆ, ಬಹಳ ಹೊತ್ತು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. “ಕೆಳಗೆ ಹೆಸರು ಪೂರ್ತಿ ಬರೀರಿ, ಅಣ್ಣ” ಎಂದು ಹೇಳಿ ಬಚ್ಚಲಿಗೆ ಹೋದಳು.

ಬರೆದ. ಬರೆದದ್ದು ಯಾರದೋ ಪರಿಚಯವಿಲ್ಲದವರ ಹೆಸರಿನಂತೆ ಕಂಡಿತು. ಒತ್ತಕ್ಷರ ಸರಿಯಾಗಿದೆಯೇ ಎಂದು ಇನ್ನೊಮ್ಮೆ ಓದಿ, ಹಾಳೆ ಗಾಳಿಗೆ ಹಾರದಂತೆ ಅಂಗೈ ಒತ್ತಿಕೊಂಡು, ಅವಳು ಹೊರಗೆ ಬರುವ ತನಕ ಅಲ್ಲೇ ನಿಂತಿದ್ದ.